ಮೊಳೆಗೆ ತೂಗಿದ್ದ ಕನ್ನಡಕ

ಮಾದರಿಗಳಿಗೆ ಹಾಕುವ ಆಸ್ಮಿಯಂ ಎಂಬ ವಿಷದ ಆವಿ ತಗುಲಿ ಕುರುಡಾಗಿದ್ದ ನಮ್ಮ ಸೂಕ್ಷ್ಮದರ್ಶಕ ಪ್ರಯೋಗಾಲಯದ ಹಿರಿಯಕ್ಕನಿಗೆ ಒಂಬತ್ತು ವರ್ಷದ ಹಿಂದೆ ನಾನು ಮಾತು ಕೊಟ್ಟಿದ್ದೆ: "ನಿಮ್ಮ ರಕ್ಷಣಾ ಕನ್ನಡಕ ಯಾರಿಗೂ ಕೊಡಲ್ಲ ಅಕ್ಕ."

ಅವರು ತೀರಿಕೊಂಡ ಮೇಲೂ ಅದು ಮೊಳೆಗೆ ತೂಗುತ್ತಿತ್ತು. ಎ.ಸಿ. ಕೋಣೆಯಲ್ಲೂ ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಎಷ್ಟು ಒರೆಸಿದರೂ ಒಳಗಿನಿಂದ ಮಂಜು ಕಟ್ಟುತ್ತಿತ್ತು.

ಮೊನ್ನೆ ಮಧ್ಯಾಹ್ನ, ಹೊಸದಾಗಿ ಸೇರಿದವಳು ತನ್ನ ಕನ್ನಡಕ ಮರೆತು ಬಂದಿದ್ದಳು.

"ನಿಮ್ಮದೇ ಕೊಡಿ ಮೇಡಂ, ಆಸ್ಮಿಯಂ ಸೀಸೆ ತೆರೆಯೋಳು ನಾನು ತಾನೆ?"

ನನಗೆ ಮನೆಯಲ್ಲಿ ಇಬ್ಬರು ಮಕ್ಕಳು. ನನ್ನದನ್ನು ಬಿಗಿ ಮಾಡಿಕೊಂಡು ಮೊಳೆಯಲ್ಲಿದ್ದುದನ್ನು ಕೊಟ್ಟೆ.

ಹಾಕಿಕೊಂಡವಳೇ ನಕ್ಕಳು. "ಇದೇನ್ ಮೇಡಂ, ಒಳಗ್ಯಾರೋ ರೆಪ್ಪೆ ಬಡೀತಿದ್ದಾರೆ!"

"ನಾಟಕ ಸಾಕು, ಕೆಲಸ ನೋಡು," ಎಂದೆ.

ಆಮೇಲೆ ಅವಳು ಕಿರುಚಿದಳು. ಕನ್ನಡಕ ಕಿತ್ತು ನೋಡಿದರೆ ಕಣ್ಣಿನ ಬಿಳಿಯೆಲ್ಲ ಅಂದು ಅಕ್ಕನದಾದ ಹಾಗೆ ಕಪ್ಪಾಗಿತ್ತು. ಸೀಸೆಯ ಸೀಲು ಇನ್ನೂ ಒಡೆದಿರಲಿಲ್ಲ.

ಕೊಟ್ಟ ಮಾತನ್ನು ನಾನು ಉಳಿಸಿಕೊಳ್ಳಲಿಲ್ಲ.