ಸಿದ್ದುವಿನ ಪಾಲಿನ ಅಪ್ಪ

“ಮುಂದ ಏನಾತು ಅಂದ್ರ, ಸೈಕಲ್ಲು ಸೀದಾ ಗಟಾರದಾಗ ಹೋತು. ನಮ್ಮಪ್ಪ ಓಡಿ ಬಂದು ನನ್ನ ಎತ್ತಿಕೊಂಡ. ಮೊಳಕಾಲಿಗೆ ಉಫ್ ಅಂತ ಊದಿದ,” ಎಂದು ಸಿದ್ದು ಹೇಳುತ್ತಿದ್ದ.

ಬಿಸಿಯೂಟ ಮುಗಿದಿತ್ತು. ಹಳಿಯಾಳದ ಆ ಶಾಲೆಯ ನಳದ ಹತ್ತಿರ ಎರಡನೇ ತರಗತಿಯ ಹುಡುಗರು ತಟ್ಟೆ ತೊಳೆಯುವುದನ್ನು ಬಿಟ್ಟು ಅವನ ಮಾತು ಕೇಳುತ್ತ ನಿಂತಿದ್ದರು. ಅವರ ಹಿಂದೆ ಸಿದ್ದುವಿನ ಅಕ್ಕ ಪೂರ್ಣಿಮಾ ತನ್ನ ತಟ್ಟೆ ಹಿಡಿದುಕೊಂಡು ನಿಂತಿದ್ದಳು. ಅವಳು ಆರನೇ ತರಗತಿ.

ಸಿದ್ದುವಿನ ಗೆಳೆಯ ಅಂಕುಶ ಅವಳನ್ನು ನೋಡಿದ. “ಪೂರ್ಣಿ ಅಕ್ಕಾ, ಇಂವ ಹೇಳೂದು ಖರೇನ?”

“ಸುಳ್ಳು,” ಎಂದಳು ಪೂರ್ಣಿಮಾ. “ಬಿದ್ದಾಕಿ ನಾನು. ಆವಾಗ ಇಂವ ತೊಟ್ಟಿಲದಾಗ ಇದ್ದ.”

ಹುಡುಗರು ನಕ್ಕರು. ಯಾರೋ “ಸುಳ್ಳ ಸಿದ್ದ” ಎಂದರು. ಸಿದ್ದು ಅಳಲಿಲ್ಲ. ತಟ್ಟೆಯನ್ನು ನಳದ ಕೆಳಗೆ ಹಿಡಿದು, ಅದು ಸ್ವಚ್ಛವಾದ ಮೇಲೂ ತಿಕ್ಕುತ್ತಲೇ ಇದ್ದ.

ಸಂಜೆ ಅವನು ಅಕ್ಕನಿಗಾಗಿ ಗೇಟಿನ ಬಳಿ ಕಾಯಲಿಲ್ಲ. ರಸ್ತೆಯ ಆ ಕಡೆ ಒಬ್ಬನೇ ನಡೆದ. ಪೂರ್ಣಿಮಾ ಈ ಕಡೆ ನಡೆದಳು. ಅವಳ ಸಿಟ್ಟೂ ಇನ್ನೂ ಇಳಿದಿರಲಿಲ್ಲ.

ಅವರ ಮನೆಯ ಮುಂದಿನ ಕೋಣೆಯಲ್ಲೇ ಹಿಟ್ಟಿನ ಗಿರಣಿ ಇದೆ. ಮೊದಲು ಅದನ್ನು ಅಪ್ಪ ನಡೆಸುತ್ತಿದ್ದ. ಅಪ್ಪನಿಗೆ ಹೊಟ್ಟೆಯ ಕ್ಯಾನ್ಸರ್ ಆಯಿತು. ಹುಬ್ಬಳ್ಳಿಯ ದವಾಖಾನೆಗೆ ಬಹಳ ದಿನ ಓಡಾಡಿದರು. ಸಿದ್ದುವಿಗೆ ಮೂರು ವರ್ಷ ಇದ್ದಾಗ ಅಪ್ಪ ತೀರಿಕೊಂಡ. ಈಗ ಗಿರಣಿಯನ್ನು ಅವ್ವ ನೋಡಿಕೊಳ್ಳುತ್ತಾಳೆ.

ಅವ್ವ ಯಾರದೋ ಜೋಳ ಬೀಸಲು ಹಾಕಿದ್ದಳು. ಮೋಟರಿನ ಸದ್ದಿನಲ್ಲಿ ಪೂರ್ಣಿಮಾ ಜೋರಾಗಿಯೇ ಹೇಳಬೇಕಾಯಿತು.

“ಅವ್ವಾ, ಸಿದ್ದು ನನ್ನ ಸೈಕಲ್ಲಿನ ಸುದ್ದಿ ತನ್ನದು ಅಂತ ಎಲ್ಲಾರಿಗೂ ಹೇಳ್ಯಾನ. ಅಪ್ಪ ಊದಿದ್ದು ನನ್ನ ಮೊಳಕಾಲಿಗೆ.”

ಅವ್ವ ತುಂಬಿದ ಡಬ್ಬಿ ಸರಿಸಿ ಖಾಲಿ ಡಬ್ಬಿ ಇಟ್ಟಳು. “ಹೌದು, ಅದು ನಿಂದ,” ಎಂದಳು. ಆಮೇಲೆ ಕೇಳಿದಳು, “ಅವನ ಪಾಲಿನ ನೆನಪು ಯಾವುದವಾ?”

ಪೂರ್ಣಿಮಾ ಚೀಲ ಇಳಿಸಿಟ್ಟು ಹಿತ್ತಲಿಗೆ ಹೋದಳು.

ಸಿದ್ದು ಹಿತ್ತಲ ಮೆಟ್ಟಿಲ ಮೇಲೆ ಶೂ ಬಿಚ್ಚದೆ ಕುಳಿತಿದ್ದ. ಪೂರ್ಣಿಮಾ ಪಕ್ಕದಲ್ಲಿ ಕುಳಿತಳು. ಅವನು ದೂರ ಸರಿದ.

“ನಿನಗ ಅಪ್ಪಂದು ಏನ ನೆನಪೈತಿ?”

“ಏನಿಲ್ಲ.”

“ಖರೇ ಹೇಳು.”

ಸಿದ್ದು ಶೂ ಲೇಸು ಎಳೆಯುತ್ತ ಹೇಳಿದ, “ತಲಿ ಬೋಳಿತ್ತು. ಬಾಯಿಗೆ ಮಾಸ್ಕ್ ಇತ್ತು. ಬಾ ಅಂತ ಕರದ. ನಾ ಹೆದರಿ ಮಂಚದ ಕೆಳಗ ಹೋದೆ. ಅಷ್ಟ.” ಆಮೇಲೆ ಮೆಲ್ಲಗೆ ಕೇಳಿದ, “ಅದನ್ನ ಅಂಕುಶಗ ಹೆಂಗ ಹೇಳ್ಲಿ?”

ಅಪ್ಪನನ್ನು ದವಾಖಾನೆಯಿಂದ ಮನೆಗೆ ಕರೆತಂದ ದಿನ ಅದು. ಪೂರ್ಣಿಮಾಳೂ ಆ ಕೋಣೆಯಲ್ಲಿದ್ದಳು. ಆದರೆ ಕಾಯಿಲೆಯ ದಿನಗಳನ್ನು ಅವಳು ನೆನೆಯುತ್ತಲೇ ಇರಲಿಲ್ಲ. ಅವಳು ನೆನೆಯುತ್ತಿದ್ದುದು ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡು ಗಿರಣಿಯಲ್ಲಿ ನಿಂತ ಅಪ್ಪನನ್ನು.

“ಅಷ್ಟ ಅಲ್ಲ,” ಎಂದಳು. “ಆಮ್ಯಾಲೂ ಐತಿ.”

“ಏನು?”

“ಅವ್ವ ಎಷ್ಟ ಕರದ್ರೂ ನೀ ಹೊರಗ ಬರಲಿಲ್ಲ. ಆಗ ಅಪ್ಪ ತಾನ ಮಂಚ ಇಳದ. ಗ್ವಾಡಿ ಹಿಡಕೊಂಡು ನೆಲದ ಮ್ಯಾಲ ಕುಂತ. ವಾಂತಿ ಬರಬಾರದು ಅಂತ ಮೂಸಾಕ ಒಂದು ಲಿಂಬಿಹಣ್ಣು ಇಟ್ಟಿದ್ವಿ. ಅದನ್ನ ಮಂಚದ ಕೆಳಗ ಉಳ್ಳಿಸಿದ. ನೀ ತಿರುಗಿ ಅವನ ಕಡೆ ಉಳ್ಳಿಸಿದಿ.”

“ನಾನಾ?”

“ನೀನ. ಮತ್ತ ಅವ ಬಿಟ್ಟ, ಮತ್ತ ನೀ ಬಿಟ್ಟಿ. ‘ಸಾಕ್ರಿ, ದಣೀತೀರಿ’ ಅಂತ ಅವ್ವ ಅಂದ್ಲು. ಇಬ್ರೂ ಕೇಳಲಿಲ್ಲ. ಕಡೀಕ ನೀ ತೆವಳಿಕೊಂತ ಬಂದು ಅವನ ತೊಡಿ ಮ್ಯಾಲ ಕುಂತಿ.”

ಸಿದ್ದು ಲೇಸು ಬಿಟ್ಟ. “ಮಾಸ್ಕ್ ಇತ್ತಲ್ಲಾ. ಹೆದರಲಿಲ್ಲೇನು?”

“ಇಲ್ಲ. ನೀನ ಅದನ್ನ ಗದ್ದದ ಕೆಳಗ ಎಳದಿ. ಎಳದು ನೋಡಿ, ‘ಅಪ್ಪಾ’ ಅಂದಿ.”

ಒಳಗೆ ಮೋಟರ್ ನಿಂತಿತು. ಸಿದ್ದು ಅಕ್ಕನ ಹತ್ತಿರ ಸರಿದು ಕುಳಿತ.

“ಇನ್ನೊಮ್ಮೆ ಹೇಳು. ಮೊದಲಿಂದ.”

ಪೂರ್ಣಿಮಾ ಮೊದಲಿನಿಂದ ಹೇಳಿದಳು, ಈ ಸಲ ನಿಧಾನವಾಗಿ. ಸಿದ್ದು ಮಾಸ್ಕ್ ಎಳೆದ ಮಾತು ಬಂದಾಗ ಅವಳು ಹೇಳುವುದನ್ನು ನಿಲ್ಲಿಸಿದಳು. ಮಾಸ್ಕ್ ಕೆಳಗಿಳಿದಾಗ ಅಪ್ಪನ ಪೂರಾ ಮುಖ ಕಂಡಿತ್ತು. ಸೊರಗಿತ್ತು, ಆದರೆ ಗಿರಣಿಯಲ್ಲಿ ನಿಲ್ಲುತ್ತಿದ್ದ ಅಪ್ಪನ ಮುಖವೇ. ಅವನು ನಗುತ್ತಿದ್ದ. ಅದು ಅವಳಿಗೆ ಮರೆತೇ ಹೋಗಿತ್ತು.

“ಮುಂದ?” ಎಂದ ಸಿದ್ದು.

“ತಡಿ,” ಎಂದಳು ಪೂರ್ಣಿಮಾ. “ಹೇಳ್ತೇನಿ.”