ಮಗ್ಗದ ಶೆಡ್ಡಿನ ಚಿತ್ರ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಗಿರಣಿ ಸಾಹುಕಾರರ ಮನೆತನ ಹಳೇ ಮಗ್ಗದ ಶೆಡ್ಡನ್ನೇ ಚಿತ್ರಶಾಲೆ ಮಾಡಿದೆ. ಹಿಂದೆ ಅಲ್ಲೇ ದುಡಿದಿದ್ದ ಅಮ್ಮನಿಗೆ ಅದನ್ನು ತೋರಿಸಲು ಕರೆದುಕೊಂಡು ಹೋಗಿದ್ದೆ. ಆಗ ಮಗ್ಗಗಳ ಗದ್ದಲದಲ್ಲಿ ಕೆಲಸದ ಹೆಂಗಸರೆಲ್ಲ ತುಟಿ ನೋಡಿಯೇ ಮಾತಾಡಿಕೊಳ್ಳುತ್ತಿದ್ದರಂತೆ.

ನೇಯುವ ಹೆಂಗಸರ ಚಿತ್ರವೊಂದರ ಮುಂದೆ ಅಮ್ಮ ನಿಂತುಬಿಟ್ಟಳು. ಎಸಿ ಇದ್ದರೂ ಅಲ್ಲಿ ಧಗೆ, ಸುಟ್ಟ ಹತ್ತಿಯ ವಾಸನೆ. ಚಿತ್ರದಲ್ಲಿ ಒಬ್ಬಳು ಮಾತ್ರ ನಮ್ಮತ್ತ ತಿರುಗಿದ್ದಳು. ಅಮ್ಮ ಸದ್ದಿಲ್ಲದೆ ತುಟಿ ಆಡಿಸುತ್ತಿದ್ದಳು.

"ಯಾರ ಹತ್ರ ಮಾತಾಡ್ತಿದ್ದೀಯಮ್ಮಾ?"

"ನಿನ್ನ ಚಿಕ್ಕಮ್ಮ ಕಣೋ. ಬಾಗಿಲು ತೆಗೆದ್ರಾ ಅಂತ ಕೇಳ್ತಿದ್ದಾಳೆ."

ಚಿಕ್ಕಮ್ಮ ಇದೇ ಶೆಡ್ಡಿನ ಬೆಂಕಿಯಲ್ಲಿ ಹೋದವಳು. ಹೊರಗಿನಿಂದ ಬೀಗ ಹಾಕಿದ್ದು ಯಾರೆಂದು ಇವತ್ತಿಗೂ ಯಾರೂ ಬಾಯಿ ಬಿಟ್ಟಿಲ್ಲ.

ಅಮ್ಮನ ಕೈ ಹಿಡಿದು ಹೊರಗೆ ಕರೆತಂದೆ. ಬಾಗಿಲ ಬಳಿ ಅದೇ ಚಿತ್ರದ ಕಾರ್ಡು ಮಾರುತ್ತಿದ್ದರು. ಕೊಂಡು ನೋಡಿದೆ. ಅದರಲ್ಲಿ ಹೆಂಗಸರೆಲ್ಲರೂ ನಮಗೆ ಬೆನ್ನು ಹಾಕಿದ್ದಾರೆ.