ಜಂಫೀರಾಳ ಕುರ್ಚಿ

ರೊಮೇನಿಯಾದ ನಮ್ಮ ಓಲ್ಟೇನಿಯಾ ಸೀಮೆಯಲ್ಲಿ ಸತ್ತವರ ಹೆಸರಲ್ಲಿ ನೆರೆಯವರಿಗೆ ಏನು ದಾನ ಕೊಡುತ್ತೇವೋ ಅದು ಸತ್ತವರಿಗೆ ಪರಲೋಕದಲ್ಲಿ ಸಿಗುತ್ತದೆ. ಹಾಗಾಗಿ ಅಲ್ಲಿಯವರೆಗಿನ ದೂರದ ದಾರಿ ನಡೆಯಲೆಂದು ಎಲ್ಲರೂ ಹೊಸ ಬೂಟು ಕೊಡುತ್ತಾರೆ. ಅಕ್ಕ ಜಂಫೀರಾಳ ಹೆಸರಲ್ಲಿ ನಾನು ಕೊಟ್ಟದ್ದು ಒಂದು ಕುರ್ಚಿ.

ಗಂಡ ತೀರಿಕೊಂಡ ಮೇಲೆ ಖಿನ್ನತೆಗೆಂದು ತೆಗೆದುಕೊಂಡ ಮಾತ್ರೆ ಅವಳ ಕಾಲುಗಳನ್ನು ಸುಮ್ಮನಿರಲು ಬಿಡಲಿಲ್ಲ. ಊಟಕ್ಕೆ ಕೂತರೂ ಪಾದಗಳು ನೆಲ ತಿಕ್ಕುತ್ತಿದ್ದವು. ಅದು ಮಾತ್ರೆಯ ಕಾಟ, ಬಿಟ್ಟರೆ ಹೋಗುತ್ತದೆ ಎಂದರು ವೈದ್ಯರು. ಬಿಟ್ಟ ವಾರದಲ್ಲೇ, ಕಾಟ ಹೋಗುವ ಮೊದಲೇ, ಹೃದಯಾಘಾತವಾಗಿ ಅವಳು ಹೋದಳು.

"ಅಕ್ಕನ್ನ ಬರಿಗಾಲಲ್ಲಿ ಕಳಿಸ್ತೀಯೇನೇ, ಜಿಪುಣಿ?" ಎಂದು ಕುರ್ಚಿ ಪಡೆದ ನೆರೆಮನೆಯ ತುದೋಸಿಯಾ ರೇಗಿಸಿದಳು.

"ನಡೆದಿದ್ದು ಸಾಕು ಕಣೇ. ಇನ್ನಾದ್ರೂ ಕೂತ್ಕೊಳ್ಳಲಿ."

ಚಳಿಗಾಲ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ, ತುದೋಸಿಯಾ ನನ್ನನ್ನು ತನ್ನ ಮನೆಗೆ ಕರೆದಳು. ಕುರ್ಚಿ ಕಿಟಕಿಯ ಪಕ್ಕದಲ್ಲಿತ್ತು. ಅದರ ಮುಂದೆ ನೆಲದ ಹಲಗೆಯ ಬಣ್ಣ ಎರಡು ಕಡೆ ಸವೆದು ಮರ ಕಾಣುತ್ತಿತ್ತು.

"ನೀನು ಇದರಲ್ಲಿ ಕೂತ್ಕೋತೀಯಾ?" ಎಂದು ಕೇಳಿದೆ.

"ನಂಗೆಲ್ಲಿ ಪುರುಸೊತ್ತು, ಮಹಾರಾಣಿ? ಬೆಕ್ಕು ಕೂಡ ಹತ್ತಲ್ಲ." ಈ ಸಲ ಅವಳು ನಗಲಿಲ್ಲ.

ಆ ಕೋಣೆಯಲ್ಲಿ ಒಲೆ ಹಚ್ಚಿರಲಿಲ್ಲ. ನಾನು ಮಂಡಿಯೂರಿ ಹಲಗೆಯ ಮೇಲೆ ಅಂಗೈ ಆಡಿಸಿದೆ. ಎಲ್ಲೆಡೆ ಮಂಜುಗಡ್ಡೆಯಷ್ಟು ತಣ್ಣಗಿತ್ತು. ಸವೆದ ಆ ಎರಡು ಜಾಗ ಮಾತ್ರ ಬೆಚ್ಚಗಿದ್ದವು.